ಆಸ್ಕರ್, ರಾಷ್ಟ್ರಪ್ರಶಸ್ತಿ ಯಾರಿಗೆಂದು ಮೊದಲೇ ಹೇಳುವ ಫಾರ್ವರ್ಡ್‌ಗಳನ್ನು ಎಷ್ಟು ನಂಬಬಹುದು?

ಜನವರಿ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಸಂಕ್ರಾಂತಿ ಶುಭಾಶಯಗಳ ನಡುವೆ ಇನ್ನೊಂದು ಬಗೆಯ ಸಂದೇಶವೂ ನುಸುಳಿಕೊಂಡು ಬರುತ್ತದೆ. ಯಾವ ಸಿನಿಮಾಗೆ ಆಸ್ಕರ್, ಯಾವ ನಟನಿಗೆ ರಾಷ್ಟ್ರಪ್ರಶಸ್ತಿ ಎಂದು ಮೊದಲೇ ಹೇಳುವ ಸಂದೇಶ ಅದು. ಮೈಸೂರಿನ ಕೆಸರೆಯ ಓದುಗರೊಬ್ಬರು ಇಂಥ ಮೂರು ಫಾರ್ವರ್ಡ್‌ಗಳನ್ನು ನಮಗೆ ಕಳಿಸಿ, ಇವುಗಳಲ್ಲಿ ನಿಜ ಎಷ್ಟು ಎಂದು ಕೇಳಿದ್ದಾರೆ. ಮೊದಲನೆಯದು, ‘ಕಾಂತಾರ’ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು, ಕೊನೆ ಗಳಿಗೆಯಲ್ಲಿ ತಪ್ಪಿಸಿದರು ಎನ್ನುವುದು. ಎರಡನೆಯದು, ಒಬ್ಬ ವ್ಯಕ್ತಿ ಪ್ರತಿ ವರ್ಷ ವಿಜೇತರನ್ನು ತಪ್ಪದೆ ಹೇಳುತ್ತಾನೆ, ಈ ವರ್ಷದ ಪಟ್ಟಿ ಇಲ್ಲಿದೆ ಎನ್ನುವುದು. ಮೂರನೆಯದು, ನಮ್ಮ ಸಿನಿಮಾ ಗೆಲ್ಲಬೇಕಾದರೆ ಈ ಲಿಂಕ್ ಒತ್ತಿ ಮತ ಹಾಕಿ ಎನ್ನುವುದು.

ಚಿಕ್ಕ ಉತ್ತರ ಹೀಗಿದೆ. ಮೊದಲನೆಯದರಲ್ಲಿ ಕಾಲುಭಾಗ ನಿಜವಿದೆ. ಎರಡನೆಯದು ಕೈಚಳಕ. ಮೂರನೆಯದನ್ನು ಒತ್ತಲೇಬೇಡಿ. ಹಾಗೆಂದು ಪ್ರಶಸ್ತಿಗಳನ್ನು ಊಹಿಸಲು ಸಾಧ್ಯವೇ ಇಲ್ಲ ಎಂದಲ್ಲ. ಕೆಲವು ಪ್ರಶಸ್ತಿಗಳನ್ನು ಸಾಕಷ್ಟು ಚೆನ್ನಾಗಿಯೇ ಊಹಿಸಬಹುದು, ಕೆಲವನ್ನು ಯಾರೂ ಊಹಿಸಲಾರರು. ಯಾವುದು ಯಾವ ಗುಂಪಿಗೆ ಸೇರುತ್ತದೆ ಎನ್ನುವುದೇ ಇಲ್ಲಿರುವ ಸ್ವಾರಸ್ಯ.

‘ಕಾಂತಾರ’ಕ್ಕೆ ನಿಜವಾಗಿ ಸಿಕ್ಕಿದ್ದೇನು?

2023ರ ಜನವರಿ ಎರಡನೇ ವಾರ ಆಸ್ಕರ್ ನೀಡುವ ಅಮೆರಿಕದ ಅಕಾಡೆಮಿ ಒಂದು ಪಟ್ಟಿ ಬಿಡುಗಡೆ ಮಾಡಿತು. ಅದರಲ್ಲಿ 301 ಚಿತ್ರಗಳಿದ್ದವು. ರಿಷಬ್ ಶೆಟ್ಟಿ ಅವರ ‘ಕಾಂತಾರ’ ಇತ್ತು, ಸುದೀಪ್ ನಟಿಸಿದ ‘ವಿಕ್ರಾಂತ್ ರೋಣ’ ಕೂಡ ಇತ್ತು. ‘ಆರ್‌ಆರ್‌ಆರ್’, ‘ಗಂಗೂಬಾಯಿ ಕಾಠಿಯಾವಾಡಿ’, ‘ದಿ ಕಾಶ್ಮೀರ್ ಫೈಲ್ಸ್’ ಸೇರಿ ಬೇರೆ ಭಾರತೀಯ ಚಿತ್ರಗಳೂ ಇದ್ದವು. ‘ಕಾಂತಾರ’ದ ನಿರ್ಮಾಪಕರು ತಮ್ಮ ಚಿತ್ರ ಎರಡು ವಿಭಾಗಗಳಿಗೆ ಅರ್ಹತೆ ಪಡೆದಿದೆ ಎಂದು ಪ್ರಕಟಿಸಿದರು. ಆ ಮಾತು ನೂರಕ್ಕೆ ನೂರು ಸರಿ. ಆದರೆ ಅದು ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗುತ್ತಾ ಹೋಗುತ್ತಾ ‘ಅರ್ಹತೆ’ ಹೋಗಿ ‘ಆಯ್ಕೆ’ ಆಯಿತು, ‘ಆಯ್ಕೆ’ ಹೋಗಿ ‘ನಾಮನಿರ್ದೇಶನ’ ಆಯಿತು.

ಆ 301ರ ಪಟ್ಟಿಯನ್ನು ಅಕಾಡೆಮಿ ಕರೆಯುವುದು ‘ರಿಮೈಂಡರ್ ಲಿಸ್ಟ್’ ಎಂದು. ಹೆಸರೇ ಹೇಳುವಂತೆ ಅದು ಮತದಾರರಿಗೆ ನೆನಪಿಸುವ ಪಟ್ಟಿ: ಈ ವರ್ಷ ನೀವು ಇವುಗಳಲ್ಲಿ ಯಾವುದಕ್ಕಾದರೂ ಮತ ಹಾಕಬಹುದು, ಅಷ್ಟೇ. ಇದಕ್ಕೆ ಸೇರಲು ಸಿನಿಮಾ ಚೆನ್ನಾಗಿರಬೇಕೆಂಬ ನಿಯಮವಿಲ್ಲ. 40 ನಿಮಿಷಕ್ಕಿಂತ ಉದ್ದವಿರಬೇಕು, ಅಮೆರಿಕದಲ್ಲಿ ಗೊತ್ತುಪಡಿಸಿದ ನಗರ ವಲಯಗಳಲ್ಲಿ ಒಂದರಲ್ಲಾದರೂ ಟಿಕೆಟ್ ಮಾರಿ ಕನಿಷ್ಠ ಏಳು ದಿನ ಓಡಿರಬೇಕು, ಅರ್ಜಿ ಮತ್ತು ದಾಖಲೆಗಳನ್ನು ಸಮಯಕ್ಕೆ ಸಲ್ಲಿಸಿರಬೇಕು. ನಮ್ಮಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದು, ವಯಸ್ಸಾಗಿದ್ದು, ಠೇವಣಿ ಕಟ್ಟಿದರೆ ಚುನಾವಣೆಗೆ ನಾಮಪತ್ರ ಸಲ್ಲಿಸಬಹುದಲ್ಲ, ಹೆಚ್ಚೂ ಕಡಿಮೆ ಹಾಗೆ. ಪ್ರೇಕ್ಷಕರೂ ವಿಮರ್ಶಕರೂ ಕೈಬಿಟ್ಟಿದ್ದ ತಮಿಳಿನ ‘ಕಂಗುವ’ 2025ರ ಜನವರಿಯಲ್ಲಿ ಇದೇ ಬಗೆಯ ಪಟ್ಟಿಯಲ್ಲಿತ್ತು. ಆಗಲೂ ‘ಆಸ್ಕರ್ ರೇಸಿನಲ್ಲಿ ಕಂಗುವ’ ಎಂಬ ಸುದ್ದಿ ಎಲ್ಲೆಡೆ ಓಡಾಡಿತು.

2023ರಲ್ಲಿ ಆ 301 ಚಿತ್ರಗಳಿಂದ ಅತ್ಯುತ್ತಮ ಚಿತ್ರಕ್ಕೆ ನಾಮನಿರ್ದೇಶನಗೊಂಡವು 10. ಜನವರಿ 24ರಂದು ಹೊರಬಂದ ಆ ಪಟ್ಟಿಯಲ್ಲಿ ‘ಕಾಂತಾರ’ ಇರಲಿಲ್ಲ. ಹಾಗಾಗಿ ಕೊನೆ ಗಳಿಗೆಯಲ್ಲಿ ಅದನ್ನು ತಪ್ಪಿಸಿದರು ಎನ್ನುವುದಕ್ಕೆ ಅರ್ಥವಿಲ್ಲ. ಕೊನೆಯ ಸುತ್ತಿನವರೆಗೆ ಅದು ಹೋಗಿರಲೇ ಇಲ್ಲ.

ಅದೇ ವಾರ ಬಂದ ಇನ್ನೊಂದು ಊಹೆ

ಇಲ್ಲೊಂದು ಪಕ್ಕಾ ಹೋಲಿಕೆ ಸಿಗುತ್ತದೆ. ‘ಕಾಂತಾರ’ದ ಫಾರ್ವರ್ಡ್ ಓಡಾಡುತ್ತಿದ್ದ ಅದೇ ದಿನಗಳಲ್ಲಿ ‘ನಾಟು ನಾಟು ಹಾಡಿಗೆ ಆಸ್ಕರ್ ಬರುತ್ತದೆ’ ಎಂಬ ಸಂದೇಶವೂ ಓಡಾಡುತ್ತಿತ್ತು. ನೋಡಲು ಎರಡೂ ಒಂದೇ ಥರ, ಅಭಿಮಾನದಿಂದ ಬರೆದವೇ. ಆದರೆ ಒಂದಕ್ಕೆ ಆಧಾರವಿತ್ತು. ‘ನಾಟು ನಾಟು’ 2022ರ ಡಿಸೆಂಬರ್‌ನಲ್ಲೇ ಹಾಡುಗಳ ವಿಭಾಗದ 15ರ ಕಿರುಪಟ್ಟಿಗೆ ಬಂದಿತ್ತು. ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಗೆದ್ದಿತು. ಕೆಲವೇ ದಿನಗಳಲ್ಲಿ ಕ್ರಿಟಿಕ್ಸ್ ಚಾಯ್ಸ್ ಪ್ರಶಸ್ತಿಯನ್ನೂ ಗೆದ್ದಿತು. ಆಮೇಲೆ ಐದರ ನಾಮನಿರ್ದೇಶನ, ಕೊನೆಗೆ ಮಾರ್ಚ್ 12ರಂದು ಆಸ್ಕರ್. ಪ್ರತಿ ಹೆಜ್ಜೆಯಲ್ಲೂ ಗೆಲುವಿನ ಸಾಧ್ಯತೆ ಏರುತ್ತಾ ಹೋಗಿದ್ದನ್ನು ಯಾರು ಬೇಕಾದರೂ ನೋಡಬಹುದಿತ್ತು.

ಆಸ್ಕರ್ ಊಹಿಸುವವರು ಮಾಡುವುದು ಇದನ್ನೇ. ಅದು ಭವಿಷ್ಯ ನುಡಿಯುವುದಲ್ಲ, ಹಿಂದಿನ ಪರೀಕ್ಷೆಗಳ ಅಂಕ ನೋಡಿ ವಾರ್ಷಿಕ ಪರೀಕ್ಷೆಯ ಫಲಿತಾಂಶ ಅಂದಾಜಿಸುವುದು. ಆಸ್ಕರ್‌ಗೆ ಮೊದಲು ನಿರ್ದೇಶಕರ ಸಂಘ, ನಿರ್ಮಾಪಕರ ಸಂಘ, ನಟರ ಸಂಘ ತಮ್ಮ ತಮ್ಮ ಪ್ರಶಸ್ತಿ ಕೊಡುತ್ತವೆ. ಈ ಸಂಘಗಳ ಅನೇಕ ಸದಸ್ಯರು ಆಸ್ಕರ್ ಮತದಾರರೂ ಹೌದು. ಅಂದರೆ ಅದೇ ಜನ ಎರಡು ವಾರ ಮೊದಲು ಮತ ಹಾಕಿದ್ದು ನಮಗೆ ಗೊತ್ತಾಗಿಬಿಟ್ಟಿರುತ್ತದೆ! ಪತ್ರಕರ್ತರು, ವಿಮರ್ಶಕರು ಕೊಡುವ ಪ್ರಶಸ್ತಿಗಳಲ್ಲಿ ಈ ಲಾಭವಿಲ್ಲ, ಅವರು ಬೇರೆಯೇ ಜನ. ಅವು ಗಾಳಿ ಯಾವ ಕಡೆ ಬೀಸುತ್ತಿದೆ ಎಂದಷ್ಟೇ ತೋರಿಸುತ್ತವೆ.

ನಿರ್ದೇಶಕರ ಸಂಘದ ದಾಖಲೆಯಂತೂ ಬೆರಗು ಹುಟ್ಟಿಸುವಂಥದ್ದು. 1948ರಲ್ಲಿ ಆರಂಭವಾದಂದಿನಿಂದ 2025ರ ಸಮಾರಂಭದವರೆಗೆ ಸಂಘದ ಪ್ರಶಸ್ತಿ ಗೆದ್ದ ನಿರ್ದೇಶಕರಿಗೆ ಆಸ್ಕರ್ ತಪ್ಪಿದ್ದು 8 ಬಾರಿ ಮಾತ್ರ. ತಪ್ಪಿಸಿಕೊಂಡವರಲ್ಲಿ ‘ಗಾಡ್‌ಫಾದರ್’ ಮಾಡಿದ ಕೊಪ್ಪೋಲ ಇದ್ದಾರೆ, ‘ಕಲರ್ ಪರ್ಪಲ್’ ಮಾಡಿದ ಸ್ಪೀಲ್‌ಬರ್ಗ್ ಇದ್ದಾರೆ. ಈ ಒಂದು ಸಂಗತಿ ಗೊತ್ತಿದ್ದರೆ ಸಿನಿಮಾ ನೋಡದವರೂ ಆ ವಿಭಾಗದಲ್ಲಿ ಹತ್ತಕ್ಕೆ ಒಂಬತ್ತು ಸಲ ಸರಿಯಾಗಿ ಹೇಳಬಹುದು.

ಹಾಗಿದ್ದೂ ಪಂಡಿತರು ಎಡವುತ್ತಾರೆ. ಅಮೆರಿಕದ ಅಧ್ಯಕ್ಷೀಯ ಚುನಾವಣೆಯನ್ನು 2008ರಲ್ಲಿ ಬಹಳ ನಿಖರವಾಗಿ ಅಂದಾಜಿಸಿ ಹೆಸರಾದ ಸಂಖ್ಯಾಶಾಸ್ತ್ರಜ್ಞ ನೇಟ್ ಸಿಲ್ವರ್ 2009ರಲ್ಲಿ ಆಸ್ಕರ್‌ನ 6 ಮುಖ್ಯ ವಿಭಾಗಗಳಿಗೆ ಲೆಕ್ಕ ಹಾಕಿದರು. ಸರಿಯಾಗಿದ್ದು 4. ಅತ್ಯುತ್ತಮ ನಟ ಮಿಕಿ ರೂರ್ಕ್ ಎಂದು ಅವರ ಲೆಕ್ಕ ಹೇಳಿತ್ತು, ಗೆದ್ದಿದ್ದು ಶಾನ್ ಪೆನ್. 2021ರಲ್ಲಿ ತೀರಿಹೋಗಿದ್ದ ನಟ ಚಾಡ್ವಿಕ್ ಬೋಸ್‌ಮನ್ ಅವರಿಗೇ ಪ್ರಶಸ್ತಿ ಎಂದು ಬಹುತೇಕ ಎಲ್ಲರೂ ನಂಬಿದ್ದರು. ಆಯೋಜಕರು ಕೂಡ ವಾಡಿಕೆಗೆ ವಿರುದ್ಧವಾಗಿ ಅತ್ಯುತ್ತಮ ನಟನ ಘೋಷಣೆಯನ್ನು ಕಟ್ಟಕಡೆಗೆ ಇಟ್ಟಿದ್ದರು. ಲಕೋಟೆ ತೆರೆದರೆ ಆಂಟನಿ ಹಾಪ್ಕಿನ್ಸ್ ಹೆಸರು. ಅವರು ಸಭಾಂಗಣದಲ್ಲೂ ಇರಲಿಲ್ಲ, ಕಾರ್ಯಕ್ರಮ ಅರ್ಧಕ್ಕೆ ನಿಂತಂತೆ ಮುಗಿದುಹೋಯಿತು.

ಮಸಾಲೆ ದೋಸೆ ಸೋಲುವ ಚುನಾವಣೆ

ಅತ್ಯುತ್ತಮ ಚಿತ್ರದ ವಿಭಾಗ ಉಳಿದವಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಮತ ಎಣಿಸುವ ಕ್ರಮವೇ ಬೇರೆ. ಬೇರೆ ವಿಭಾಗಗಳಲ್ಲಿ ಹೆಚ್ಚು ಮತ ಬಂದವರು ಗೆದ್ದರು, ಮುಗಿಯಿತು. ಇಲ್ಲಿ ಮತದಾರರು ಚಿತ್ರಗಳಿಗೆ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಚುನಾವಣೆಯಲ್ಲಿ ಮತ ಹಾಕಿದವರಿಗೆ ಇದು ಹೊಸತಲ್ಲ.

ಒಂಬತ್ತು ಜನ ಗೆಳೆಯರು ಬೆಳಗಿನ ತಿಂಡಿಗೆ ಒಂದೇ ಐಟಂ ಆರಿಸಬೇಕು ಅಂದುಕೊಳ್ಳಿ. ನಾಲ್ವರ ಮೊದಲ ಆಯ್ಕೆ ಮಸಾಲೆ ದೋಸೆ, ಮೂವರದು ಇಡ್ಲಿ, ಇಬ್ಬರದು ಉಪ್ಪಿಟ್ಟು. ಸಾಮಾನ್ಯ ಎಣಿಕೆಯಲ್ಲಿ ದೋಸೆ ಗೆದ್ದಂತೆ. ಪ್ರಾಶಸ್ತ್ಯದ ಎಣಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಐದು ಮತ ಬೇಕು. ಯಾರಿಗೂ ಬಂದಿಲ್ಲ. ಆದ್ದರಿಂದ ಕೊನೆಯಲ್ಲಿರುವ ಉಪ್ಪಿಟ್ಟನ್ನು ತೆಗೆದು, ಆ ಇಬ್ಬರ ಎರಡನೇ ಆಯ್ಕೆ ನೋಡುತ್ತಾರೆ. ಇಬ್ಬರಿಗೂ ಎಣ್ಣೆ ಬೇಡ, ಇಡ್ಲಿ ಬರೆದಿದ್ದಾರೆ. ಇಡ್ಲಿಗೆ ಐದು, ದೋಸೆಗೆ ನಾಲ್ಕು. ಇಡ್ಲಿ ಗೆದ್ದಿತು! ಹೆಚ್ಚು ಜನ ತೀವ್ರವಾಗಿ ಇಷ್ಟಪಟ್ಟ ಚಿತ್ರಕ್ಕಿಂತ ಯಾರಿಗೂ ಅಷ್ಟಾಗಿ ಬೇಡವೆನಿಸದ ಚಿತ್ರಕ್ಕೆ ಇಲ್ಲಿ ಅನುಕೂಲ. ಎರಡನೇ, ಮೂರನೇ ಆಯ್ಕೆಗಳು ಹೊರಗಿನವರಿಗೆ ಕಾಣುವುದೇ ಇಲ್ಲ, ಅದಕ್ಕೇ ಊಹೆ ಕೆಡುತ್ತದೆ. 2017ರಲ್ಲಿ 14 ನಾಮನಿರ್ದೇಶನ ಪಡೆದು, ನಿರ್ಮಾಪಕರ ಸಂಘದ ಪ್ರಶಸ್ತಿಯನ್ನೂ ನಿರ್ದೇಶಕರ ಸಂಘದ ಪ್ರಶಸ್ತಿಯನ್ನೂ ಗೆದ್ದಿದ್ದ ‘ಲಾ ಲಾ ಲ್ಯಾಂಡ್’ ಕೊನೆಗೆ ‘ಮೂನ್‌ಲೈಟ್’ ಎದುರು ಸೋತಿತು. ಅಂದು ವೇದಿಕೆಯಲ್ಲಿ ತಪ್ಪು ಲಕೋಟೆ ಕೊಟ್ಟು ಮೊದಲು ‘ಲಾ ಲಾ ಲ್ಯಾಂಡ್’ ಎಂದೇ ಘೋಷಿಸಿದ್ದು ಬೇರೆ ಕತೆ.

‘ಪ್ರತಿ ವರ್ಷ ತಪ್ಪದೆ ಹೇಳುವವನು’

ಈಗ ಎರಡನೇ ಫಾರ್ವರ್ಡ್. ಅದರಲ್ಲಿ ಹೇಳಿರುವ ವ್ಯಕ್ತಿ ನಾಲ್ಕು ವರ್ಷದಿಂದ ಒಮ್ಮೆಯೂ ತಪ್ಪಿಲ್ಲವಂತೆ. ಸುಳ್ಳೇ ಹೇಳದೆ ಇಂಥ ಹೆಸರು ಗಳಿಸುವುದು ಹೇಗೆಂದು ನೋಡಿ.

ಕೆಸರೆಯಲ್ಲಿ 625 ಜನರ ಫೋನ್ ನಂಬರ್ ನನ್ನ ಬಳಿ ಇದೆ ಎಂದು ಒಬ್ಬಾತ ಅಂದುಕೊಳ್ಳಲಿ. ಅತ್ಯುತ್ತಮ ನಟನ ವಿಭಾಗದಲ್ಲಿ ಐವರಿದ್ದಾರೆ. ಆತ 125 ಜನಕ್ಕೆ ಮೊದಲನೆಯವನು ಗೆಲ್ಲುತ್ತಾನೆ ಎಂದು ಕಳಿಸುತ್ತಾನೆ, ಇನ್ನು 125 ಜನಕ್ಕೆ ಎರಡನೆಯವನು ಎಂದು, ಹೀಗೆ ಐದೂ ಹೆಸರು. ಫಲಿತಾಂಶ ಬಂದಾಗ 500 ಜನ ಅವನನ್ನು ಮರೆಯುತ್ತಾರೆ, 125 ಜನ ‘ಪರವಾಗಿಲ್ಲ’ ಅನ್ನುತ್ತಾರೆ. ಮರುವರ್ಷ ಈ 125 ಜನರನ್ನು ಮತ್ತೆ 25ರಂತೆ ಐದು ಪಾಲು ಮಾಡುತ್ತಾನೆ. ಮೂರನೇ ವರ್ಷದ ಕೊನೆಗೆ ಉಳಿಯುವುದು 5 ಜನ, ನಾಲ್ಕನೇ ವರ್ಷಕ್ಕೆ ಒಬ್ಬರು. ಆ ಒಬ್ಬರ ದೃಷ್ಟಿಯಲ್ಲಿ ಇವನು ನಾಲ್ಕಕ್ಕೆ ನಾಲ್ಕೂ ಸರಿ ಹೇಳಿದ ಮಹಾಪುರುಷ. ಅವರು ತಮ್ಮ ಗುಂಪುಗಳಿಗೆಲ್ಲ ಹೇಳುತ್ತಾರೆ, ಸಾಕ್ಷಿಗೆ ಸ್ಕ್ರೀನ್‌ಶಾಟ್‌ಗಳೂ ಇವೆ. ಅವರು ಸುಳ್ಳು ಹೇಳುತ್ತಿಲ್ಲ. ಉಳಿದ 624 ಜನ ಏನು ನೋಡಿದರು ಎಂಬುದು ಅವರಿಗೆ ಗೊತ್ತಿಲ್ಲ, ಅಷ್ಟೇ. ಷೇರು ಮಾರುಕಟ್ಟೆಯ ಟಿಪ್ಸ್, ಕ್ರಿಕೆಟ್ ಬೆಟ್ಟಿಂಗ್ ಟಿಪ್ಸ್ ಮಾರುವವರದೂ ಇದೇ ಹಳೆಯ ಆಟ. ನಾಲ್ಕು ಸಲ ಸರಿಯಾದ ಮೇಲೆ ಐದನೆಯದಕ್ಕೆ ದುಡ್ಡು ಕೇಳುತ್ತಾರೆ.

ಇನ್ನೂ ಸುಲಭದ ದಾರಿಯೂ ಇದೆ. 2014ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನಡೆದ ರಾತ್ರಿ ಒಂದು ಟ್ವಿಟರ್ ಖಾತೆ ಜಗತ್ತನ್ನೇ ದಂಗುಬಡಿಸಿತು. ಜರ್ಮನಿ ಗೆಲ್ಲುತ್ತದೆ, ಹೆಚ್ಚುವರಿ ಸಮಯದಲ್ಲಿ ಗೋಲು ಬರುತ್ತದೆ, ಹೊಡೆಯುವವನು ಗೋಟ್ಸೆ ಎಂದು ಪಂದ್ಯಕ್ಕೆ ಮುಂಚೆಯೇ ಅದರಲ್ಲಿ ಬರೆದಿತ್ತು. ಮ್ಯಾಚ್ ಫಿಕ್ಸಿಂಗ್ ಎಂದು ಕೂಗಾಡಿದರು. ನಡೆದದ್ದು ಇಷ್ಟು: ಆಗಬಹುದಾದ ಎಲ್ಲವನ್ನೂ ಮೊದಲೇ ಸಾಲುಸಾಲಾಗಿ ಬರೆದಿಟ್ಟು, ಪಂದ್ಯ ಮುಗಿದ ಮೇಲೆ ತಪ್ಪಾದದ್ದನ್ನೆಲ್ಲ ಅಳಿಸಿಹಾಕಿದ್ದರು. ಪ್ರಶಸ್ತಿಗಳ ವಿಷಯದಲ್ಲಿ ಇದು ಇನ್ನೂ ಸಲೀಸು, ಐದು ನಾಮನಿರ್ದೇಶನಕ್ಕೆ ಐದು ಪೋಸ್ಟ್ ಸಾಕು.

ಇನ್ನು ಕೆಲವರು ‘23ರಲ್ಲಿ 17 ಸರಿ ಹೇಳಿದೆ’ ಎಂದು ಬೀಗುತ್ತಾರೆ. ಅದು ಮೋಸವಲ್ಲ, ಆದರೆ ಪವಾಡವೂ ಅಲ್ಲ. ಪ್ರತಿ ವಿಭಾಗದಲ್ಲೂ ಮುಂಚೂಣಿಯಲ್ಲಿರುವವರು ಗೆಲ್ಲುವ ಸಾಧ್ಯತೆ ಶೇಕಡಾ 75 ಎಂದಿಟ್ಟುಕೊಂಡರೆ, ಬರೀ ಅವರ ಹೆಸರನ್ನೇ ಬರೆಯುತ್ತಾ ಹೋದವರಿಗೂ 23ರಲ್ಲಿ ಸರಾಸರಿ 17 ಸರಿಯಾಗುತ್ತವೆ. 23ಕ್ಕೆ 23 ಸರಿಯಾಗುವ ಸಾಧ್ಯತೆ ಮಾತ್ರ ಸುಮಾರು 750ರಲ್ಲಿ ಒಂದು. ಲಕ್ಷಾಂತರ ಜನ ಊಹಿಸುವಾಗ ಅಂಥ ನೂರಾರು ಜನ ಸಿಕ್ಕೇ ಸಿಗುತ್ತಾರೆ, ಅವರಲ್ಲಿ ಒಬ್ಬರ ಸಂದರ್ಶನ ಟಿವಿಯಲ್ಲಿ ಬಂದೇ ಬರುತ್ತದೆ.

‘ಸೋರಿಕೆಯಾದ ಪಟ್ಟಿ’ ಎಂದು ಬರುವುದನ್ನು ಪರೀಕ್ಷಿಸಲು ದಿನಾಂಕ ನೋಡಿದರೆ ಸಾಕು. 2025ರ ಆಸ್ಕರ್ ಸಮಾರಂಭ ನಡೆದದ್ದು ಮಾರ್ಚ್ 2ರಂದು, ಅಂತಿಮ ಮತದಾನ ನಡೆದದ್ದು ಫೆಬ್ರವರಿ 11ರಿಂದ 18ರವರೆಗೆ. ಜನವರಿಯಲ್ಲೇ ವಿಜೇತರ ಪಟ್ಟಿ ಸೋರಿಕೆಯಾಗಿದೆ ಎಂದರೆ, ಯಾರೂ ಇನ್ನೂ ಮತವನ್ನೇ ಹಾಕದ ಚುನಾವಣೆಯ ಫಲಿತಾಂಶ ಸೋರಿಕೆಯಾಗಿದೆ ಎಂದಂತೆ. ಸೋರಿಕೆ ಒಮ್ಮೆ ಆಗಿದ್ದು ನಿಜ, ಅದು 1940ರಲ್ಲಿ. ಆಗ ವಿಜೇತರ ಹೆಸರುಗಳನ್ನು ಪತ್ರಿಕೆಗಳಿಗೆ ಮುಂಗಡವಾಗಿ ಕೊಡುವ ಪದ್ಧತಿಯಿತ್ತು. ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆ ಸಮಾರಂಭಕ್ಕೆ ಮೊದಲೇ ಅಚ್ಚು ಹಾಕಿಬಿಟ್ಟಿತು, ಅತಿಥಿಗಳು ಪೇಪರ್ ಓದಿಕೊಂಡೇ ಒಳಗೆ ಬಂದರು. ಮರುವರ್ಷದಿಂದ ಮೊಹರು ಮಾಡಿದ ಲಕೋಟೆ ಬಂತು.

ರಾಷ್ಟ್ರಪ್ರಶಸ್ತಿಗೆ ಈ ಲೆಕ್ಕ ನಡೆಯುವುದಿಲ್ಲ

ಆಸ್ಕರ್‌ಗೆ ಮತ ಹಾಕುವವರು ಸುಮಾರು ಹತ್ತು ಸಾವಿರ ಜನ. ಅಷ್ಟು ದೊಡ್ಡ ಗುಂಪಿನ ಒಲವನ್ನು ಅಂದಾಜಿಸಬಹುದು. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯನ್ನು ತೀರ್ಮಾನಿಸುವುದು ತೀರ್ಪುಗಾರರ ಸಣ್ಣ ಸಮಿತಿ. ಮೊದಲು ಪ್ರಾದೇಶಿಕ ಸಮಿತಿಗಳು ನೋಡಿ ಶಿಫಾರಸು ಮಾಡುತ್ತವೆ, ಆಮೇಲೆ ಕೇಂದ್ರ ಸಮಿತಿ ಒಂದು ಮೇಜಿನ ಸುತ್ತ ಕೂತು ಚರ್ಚಿಸುತ್ತದೆ. ಸದಸ್ಯರು ವರ್ಷ ವರ್ಷ ಬದಲಾಗುತ್ತಾರೆ. ಮೊದಲೇ ಪ್ರಕಟವಾಗುವ ನಾಮನಿರ್ದೇಶನಗಳಿಲ್ಲ, ಸುಳಿವು ಕೊಡುವ ಸಂಘಗಳ ಪ್ರಶಸ್ತಿಯೂ ಇಲ್ಲ. ಮೇಜಿನ ಬಳಿ ಒಬ್ಬರು ಗಟ್ಟಿಯಾಗಿ ವಾದಿಸಿದರೆ ಫಲಿತಾಂಶವೇ ಬದಲಾಗಬಹುದು.

2024ರ ಆಗಸ್ಟ್‌ನಲ್ಲಿ ಆದದ್ದನ್ನೇ ನೋಡಿ. 2022ರ ಚಿತ್ರಗಳಿಗೆ ಕೊಡುವ 70ನೇ ರಾಷ್ಟ್ರಪ್ರಶಸ್ತಿ ಘೋಷಣೆಗೆ ಮುನ್ನ ಅತ್ಯುತ್ತಮ ನಟ ಯಾರು, ರಿಷಬ್ ಶೆಟ್ಟಿಯೋ ಮಮ್ಮೂಟ್ಟಿಯೋ ಎಂದು ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ವಾದ ನಡೆಯಿತು. ಆಗಸ್ಟ್ 16ರಂದು ರಿಷಬ್ ಹೆಸರು ಬಂತು, ಕೇರಳದ ಅಭಿಮಾನಿಗಳು ಬೇಸರಗೊಂಡರು. ಆಮೇಲೆ ತೀರ್ಪುಗಾರರೊಬ್ಬರು, ಮಮ್ಮೂಟ್ಟಿ ನಟಿಸಿದ ಚಿತ್ರಗಳು ಆ ವರ್ಷ ಸ್ಪರ್ಧೆಗೆ ಸಲ್ಲಿಕೆಯೇ ಆಗಿರಲಿಲ್ಲ ಎಂದು ತಿಳಿಸಿದರು. ವಾರಗಟ್ಟಲೆ ನಡೆದ ಊಹೆಯಲ್ಲಿ ಎದುರಾಳಿಯೇ ಕಣದಲ್ಲಿರಲಿಲ್ಲ. ಕಣದಲ್ಲಿ ಯಾರಿದ್ದಾರೆ ಎಂದು ತಿಳಿಯದೆ ಯಾರು ಗೆಲ್ಲುತ್ತಾರೆ ಎಂದು ಹೇಳುವುದು ಹೇಗೆ?

ಗಲ್ಲಾಪೆಟ್ಟಿಗೆಯ ಲೆಕ್ಕವೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ರಾಷ್ಟ್ರಪ್ರಶಸ್ತಿಗೆ ಬೇಕಿರುವುದು ಆ ವರ್ಷ ಪಡೆದ ಸೆನ್ಸಾರ್ ಪ್ರಮಾಣಪತ್ರ, ಬಿಡುಗಡೆಯಾಗಿರಲೇಬೇಕೆಂದಿಲ್ಲ. ದಿವಂಗತ ಸಂಚಾರಿ ವಿಜಯ್ ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ ಅತ್ಯುತ್ತಮ ನಟ ಪ್ರಶಸ್ತಿ ಪಡೆದದ್ದು 2015ರ ಮಾರ್ಚ್‌ನಲ್ಲಿ. ಚಿತ್ರ ಚಿತ್ರಮಂದಿರಕ್ಕೆ ಬಂದದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಘೋಷಣೆಯಾದ ದಿನ ಕನ್ನಡಿಗರಲ್ಲೇ ಬಹಳಷ್ಟು ಜನ ಆ ಹೆಸರನ್ನು ಮೊದಲ ಸಲ ಕೇಳಿದ್ದರು. ಇನ್ನೂ ಹಿಂದೆ ಹೋದರೆ, 1970ರ ‘ಸಂಸ್ಕಾರ’ವನ್ನು ಮದರಾಸಿನ ಸೆನ್ಸಾರ್ ಮಂಡಳಿ ತಡೆಹಿಡಿದಿತ್ತು. ಕೊನೆಗೆ ಅದೇ ಚಿತ್ರ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಇವನ್ನು ಯಾವ ಪಂಡಿತರ ಲೆಕ್ಕ ಹಿಡಿಯುತ್ತಿತ್ತು?

ರಾಜ್ಯ ಪ್ರಶಸ್ತಿಯ ಊಹೆಯನ್ನಂತೂ ಕೇಳಲೇಬೇಡಿ. 2019ರ ಚಿತ್ರಗಳಿಗೆ ರಾಜ್ಯ ಪ್ರಶಸ್ತಿ ಘೋಷಣೆಯಾದದ್ದು 2025ರ ಜನವರಿಯಲ್ಲಿ. ‘ಪೈಲ್ವಾನ್’ ಚಿತ್ರಕ್ಕೆ ಅತ್ಯುತ್ತಮ ನಟನಾದ ಸುದೀಪ್ ಮರುದಿನವೇ ಪ್ರಶಸ್ತಿಯನ್ನು ನಯವಾಗಿ ಬೇಡವೆಂದರು. ಯಾರಿಗೆ ಬರುತ್ತದೆ ಎನ್ನುವುದರ ಜೊತೆಗೆ ಯಾವಾಗ ಬರುತ್ತದೆ, ಬಂದವರು ತೆಗೆದುಕೊಳ್ಳುತ್ತಾರಾ ಎಂದೂ ಊಹಿಸಬೇಕಾದ ಪರಿಸ್ಥಿತಿ.

ಲಿಂಕ್ ಒತ್ತಿ ಮತ ಹಾಕಬಹುದೇ?

ಇಲ್ಲ. ಆಸ್ಕರ್‌ನ ಯಾವ ವಿಭಾಗಕ್ಕೂ ಸಾರ್ವಜನಿಕರ ಮತವಿಲ್ಲ, ರಾಷ್ಟ್ರಪ್ರಶಸ್ತಿಗೂ ಇಲ್ಲ. 2022ರಲ್ಲಿ ಅಕಾಡೆಮಿ ಟ್ವಿಟರ್‌ನಲ್ಲಿ ‘ಅಭಿಮಾನಿಗಳ ಮೆಚ್ಚಿನ ಚಿತ್ರ’ ಎಂಬ ಮತದಾನ ನಡೆಸಿತ್ತು, ಆದರೆ ಅದಕ್ಕೆ ಆಸ್ಕರ್ ಪ್ರತಿಮೆ ಇರಲಿಲ್ಲ. ಕೆಲವು ಖಾಸಗಿ ಚಿತ್ರಪ್ರಶಸ್ತಿಗಳು ಆನ್‌ಲೈನ್ ಮತ ಕೇಳುವುದುಂಟು. ಅವು ತಮ್ಮ ಸ್ವಂತ ಜಾಲತಾಣದಲ್ಲೇ ಕೇಳುತ್ತವೆ, ಮತ ಹಾಕಲು ಒಟಿಪಿ ಹೇಳಿ, ಒಂದು ರೂಪಾಯಿ ಕಳಿಸಿ, ಈ ಆ್ಯಪ್ ಹಾಕಿಕೊಳ್ಳಿ ಎಂದರೆ ಅದು ಮತದಾನವಲ್ಲ. ಅಂಥ ಲಿಂಕ್ ಒತ್ತಿ ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮೈಸೂರಿಗೆ ಹತ್ತಿರದ ಒಂದು ಉದಾಹರಣೆ

ಅರ್ಹತೆ, ಕಿರುಪಟ್ಟಿ, ನಾಮನಿರ್ದೇಶನ, ಗೆಲುವು ಇವುಗಳ ನಡುವಿನ ಅಂತರ ಎಷ್ಟೆಂದು ತಿಳಿಯಲು ಮೈಸೂರಿನಲ್ಲಿ ವೈದ್ಯಕೀಯ ಓದಿ, ಆಮೇಲೆ ಪುಣೆಯ ಚಲನಚಿತ್ರ ಸಂಸ್ಥೆ ಸೇರಿದ ಚಿದಾನಂದ ಎಸ್. ನಾಯ್ಕ್ ಅವರ ಕಿರುಚಿತ್ರದ ಹಾದಿ ನೋಡಬಹುದು. ಅಜ್ಜಿಯೊಬ್ಬಳು ಹುಂಜ ಕದ್ದು ಹೋದದ್ದರಿಂದ ಊರಿಗೆ ಬೆಳಗೇ ಆಗದ ಕತೆಯ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ 16 ನಿಮಿಷದ ಕನ್ನಡ ಚಿತ್ರ. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಇದಕ್ಕೆ ಮೊದಲ ಬಹುಮಾನ ಬಂತು. ಜಗತ್ತಿನ 2,263 ಚಿತ್ರಗಳಿಂದ ಆರಿಸಿದ 18ರಲ್ಲಿ ಅದು ಮೊದಲನೆಯದು. ಅದೇ ವರ್ಷ ಆಸ್ಕರ್‌ನ ಕಿರುಚಿತ್ರ ವಿಭಾಗಕ್ಕೆ ಅರ್ಹತೆ ಪಡೆಯಿತು, ‘ಮೈಸೂರು ಹುಡುಗನಿಗೆ ಆಸ್ಕರ್’ ಎಂಬರ್ಥದ ಪೋಸ್ಟ್‌ಗಳು ಶುರುವಾದವು. ಡಿಸೆಂಬರ್‌ನಲ್ಲಿ 15 ಚಿತ್ರಗಳ ಕಿರುಪಟ್ಟಿ ಬಂದಾಗ ಅದರಲ್ಲಿ ಈ ಚಿತ್ರ ಇರಲಿಲ್ಲ. ದೆಹಲಿಯ ಕತೆಯಿದ್ದ ‘ಅನುಜಾ’ ಇತ್ತು, ಅದು ಐದರ ನಾಮನಿರ್ದೇಶನಕ್ಕೂ ಬಂತು, ಗೆಲ್ಲಲಿಲ್ಲ.

2025ರ ಆಗಸ್ಟ್ 1ರಂದು 71ನೇ ರಾಷ್ಟ್ರಪ್ರಶಸ್ತಿಗಳು ಘೋಷಣೆಯಾದವು. ಎಲ್ಲರ ಗಮನ ಅತ್ಯುತ್ತಮ ನಟನ ಮೇಲಿತ್ತು, ಅದನ್ನು ಶಾರುಖ್ ಖಾನ್ ಮತ್ತು ವಿಕ್ರಾಂತ್ ಮ್ಯಾಸಿ ಹಂಚಿಕೊಂಡರು. ಕಥೇತರ ಚಿತ್ರಗಳ ವಿಭಾಗದಲ್ಲಿ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿ ಬಂದದ್ದು ಚಿದಾನಂದ ನಾಯ್ಕ್ ಅವರ ಅದೇ ಹುಂಜದ ಕತೆಗೆ. ಅದನ್ನು ಮೊದಲೇ ಹೇಳಿದ್ದ ಫಾರ್ವರ್ಡ್ ಒಂದೂ ನಮ್ಮ ಕಣ್ಣಿಗೆ ಬಿದ್ದಿಲ್ಲ.